ಏಳು ಸಿಡಿಲಿನ ಲೆಕ್ಕ

ಗ್ರೇಟರ್ ನೋಯ್ಡಾದಲ್ಲಿ ಮಂಜು ಕವಿದ ಜನವರಿಯ ಸಂಜೆ ಮ್ಯಾಜಿಕ್ ಎಂಬ ಕಾರ್ಡ್ ಆಟದ ಕೆಂಪು ಡೆಕ್ ಕಟ್ಟುತ್ತ ಕೂರುವುದೆಂದರೆ ನನಗೆ ಹಬ್ಬ. ಎದುರಾಳಿಗಿರುವುದು 20 ಜೀವ. ಲೈಟ್ನಿಂಗ್ ಬೋಲ್ಟ್ ಎಂಬ ಕಾರ್ಡು ಒಂದೇ ಮಾನಾ (ಕಾರ್ಡು ಆಡಲು ತೆರುವ ಶಕ್ತಿ) ಖರ್ಚಿನಲ್ಲಿ ಮೂರು ಕಳೆಯುತ್ತದೆ. ಅಂಥ ಏಳು ಹೊಡೆತ ಬಿದ್ದರೆ ಆಟ ಮುಗಿಯಿತು. ಹಾಗಾಗಿ 60 ಕಾರ್ಡುಗಳಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು ಕೇಳುತ್ತೇನೆ: ನೀನು ಎಷ್ಟನೇ ಸರದಿಗೆ ಕೆಲಸಕ್ಕೆ ಬರುತ್ತೀಯ? ಆರು ಮಾನಾ ಬೇಡುವ ಡ್ರ್ಯಾಗನ್ ಎಷ್ಟೇ ಚೆಂದವಿದ್ದರೂ ಹೊರಗೆ. ಮಾನಾ ಕೊಡುವ ಲ್ಯಾಂಡ್ ಕಾರ್ಡು 20 ಸಾಕು. ಹೆಚ್ಚಾದರೆ ಹೊಡೆಯಲು ಏನೂ ಇರುವುದಿಲ್ಲ, ಕಡಿಮೆಯಾದರೆ ಇದ್ದದ್ದೂ ಕೈಯಲ್ಲೇ ಕೊಳೆಯುತ್ತದೆ.

ಈ ಲೆಕ್ಕಕ್ಕೆ ಹಳೆಯ ಉದಾಹರಣೆಯೊಂದಿದೆ: 1996ರಲ್ಲಿ ಅಟ್ಲಾಂಟಾದಲ್ಲಿ ಪಾಲ್ ಸ್ಲೈ ಆಡಿದ, ಜೇ ಷ್ನೈಡರ್ ರೂಪಿಸಿದ ಡೆಕ್ಕಿನಲ್ಲಿ ಯಾರೂ ಮೂಸದ ಅಗ್ಗದ ಜೀವಿ ಕಾರ್ಡುಗಳು ತುಂಬಿದ್ದವು. ಆದರೆ ಪ್ರತಿ ಸರದಿಯ ಮಾನಾವೂ ಪೋಲಾಗದಂತೆ ಅವನ್ನು ಜೋಡಿಸಿದ್ದರು. ಎಂಥ ಕುಶಲತೆ!