‘ಒತ್ತಿ’ಯ ಸಂದಿಗ್ಧ: ಬೌದ್ಧಿಕ ವಿಕಲತೆ ಮತ್ತು ಪರದೆಯ ಕನ್ನಡ

ಬೌದ್ಧಿಕ ವಿಕಲತೆಯುಳ್ಳವರ ಡಿಜಿಟಲ್ ಬಳಕೆಯ ಚರ್ಚೆ ಸಾಮಾನ್ಯವಾಗಿ ಮೊಬೈಲು ಯಾರ ಕೈಯಲ್ಲಿದೆ, ಎಷ್ಟು ಹೊತ್ತು ಇರುತ್ತದೆ ಎಂಬಲ್ಲಿಗೇ ನಿಲ್ಲುತ್ತದೆ. ಪರದೆಯ ಮೇಲಿನ ಕನ್ನಡ ಎಂಥದೆಂಬ ಪ್ರಶ್ನೆ ಏಳುವುದು ಅಪರೂಪ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ‘ಸಂವಹನ’ದ ವ್ಯಾಖ್ಯೆಯಲ್ಲಿ ಸರಳ ಭಾಷೆಯನ್ನೂ ಸೇರಿಸಿದೆ. ಆದರೆ ಸರಳವೆಂದರೇನೆಂಬುದನ್ನು ಆಯಾ ಭಾಷೆಯ ವ್ಯಾಕರಣವೇ ಹೇಳಬೇಕು.

ಇನ್‌ಕ್ಲೂಷನ್ ಯುರೋಪ್ ಸಂಸ್ಥೆಯ ಸುಲಭ ಓದಿನ ಮಾನದಂಡಗಳು ವಾಕ್ಯ ಚಿಕ್ಕದಿರಲಿ ಎನ್ನುತ್ತವೆ. ‘ಲಿಂಕ್ ಒತ್ತಿ ಹಣ ಕಳಿಸಬೇಡಿ’ ಎಂಬ ಎಚ್ಚರಿಕೆಯನ್ನು ನೋಡೋಣ. ನಾಲ್ಕೇ ಪದ. ‘ಒತ್ತಿ’ಯನ್ನು ಭೂತನ್ಯೂನವೆಂದು ಓದಿದರೆ ನಿಷೇಧವು ಎರಡೂ ಕ್ರಿಯೆಗಳಿಗೆ ಅನ್ವಯಿಸಬಲ್ಲದು, ವಿಧ್ಯರ್ಥವೆಂದು ಓದಿದರೆ ಲಿಂಕ್ ಒತ್ತಬೇಕೆಂಬುದೇ ಆದೇಶ! ಮಾತಿನಲ್ಲಾದರೆ ಧ್ವನಿಯ ಏರಿಳಿತ, ನಡುವಿನ ವಿರಾಮ ಇದನ್ನು ಬಿಡಿಸುತ್ತವೆ. ಬರೆಹದಲ್ಲಿ ಓದುಗರು ವಾಕ್ಯದ ಕೊನೆ ಮುಟ್ಟಿ, ಹಿಂದಿರುಗಿ ಅರ್ಥ ತಿದ್ದಿಕೊಳ್ಳಬೇಕು. ಕಾರ್ಯಸ್ಮೃತಿ ಸೀಮಿತವಾಗಿರುವವರಿಗೆ ಕಷ್ಟವಿರುವುದೇ ಅಲ್ಲಿ. ಪದಗಳನ್ನೆಣಿಸುವ ಮಾನದಂಡಕ್ಕೆ ಇದು ಕಾಣದು.

ಯಶವಂತಪುರದಲ್ಲಿ ಮೆಟ್ರೊ ಹತ್ತುವವರು 2022ರ ನವೆಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲೇ ಟಿಕೆಟ್ ಪಡೆಯಬಹುದು. ಒಬ್ಬರೇ ಓಡಾಡಬಯಸುವವರಿಗೆ ಇದು ಸಣ್ಣ ಸ್ವಾತಂತ್ರ್ಯವಲ್ಲ. ಆದರೆ ಟಿಕೆಟ್ಟೂ ವಂಚಕರ ಲಿಂಕೂ ಬಂದು ಬೀಳುವುದು ಅದೇ ಪರದೆಗೆ.

ಏಕವಚನದ ‘ಒತ್ತು’ ಬಳಸಿದರೆ ಸಂದಿಗ್ಧವೇನೋ ತೀರುತ್ತದೆ. ಮೂವತ್ತು ದಾಟಿದವರನ್ನೂ ಮಗುವಿನಂತೆ ಕರೆಯುವ ಚಾಳಿಗೆ ಮಾತ್ರ ಯಂತ್ರದ ಮುದ್ರೆಯೂ ಬೀಳುತ್ತದೆ. ‘ಒತ್ತಿರಿ’ ಎಂದರೆ ಗೌರವವೂ ಉಳಿಯುತ್ತದೆ, ರೂಪವೂ ಸ್ಪಷ್ಟ. ನಿಷೇಧವಿದ್ದಲ್ಲಿ ಎರಡು ವಾಕ್ಯಗಳೇ ಇರಲಿ: ‘ಲಿಂಕ್ ಒತ್ತಬೇಡಿ. ಹಣ ಕಳಿಸಬೇಡಿ.’ ಈ ರೂಪಗಳನ್ನು ಪರೀಕ್ಷಿಸುವಾಗ ಪೋಷಕರ ಉತ್ತರ ಸಾಲದು. ಮೊಬೈಲು ಹಿಡಿದವರೇ ಓದಿ ತೋರಿಸಬೇಕು.