ಗಾಳ ಹಾಕುವವನ ಗದ್ಯ

ಕನ್ನಡದಲ್ಲಿ ಬೆಟ್ಟ ಹತ್ತಿದವರ ಬರಹಗಳು ಬೇಕಾದಷ್ಟಿವೆ. ಹತ್ತಿಹೋಗಿ, ನೀರಿನ ದಡದಲ್ಲಿ ಬಿಡಾರ ಹೂಡಿ, ಮೀನಿಗಾಗಿ ಗಾಳ ಹಾಕಿ ಕೂತವರ ಬರಹಗಳು ಕಡಿಮೆ. ಈ ಎರಡರ ನಡುವಿನ ವ್ಯತ್ಯಾಸ ಸಣ್ಣದೆಂದು ತೋರಬಹುದು. ಗದ್ಯದ ಮಟ್ಟಿಗೆ ಅದು ದೊಡ್ಡದು ಎಂಬುದು ನನ್ನ ವಾದ. ನೋಡಲು ಹೋದವನಿಗೆ ನೀರಿನ ಮೇಲ್ಮೈ ಸಾಕು: ಮಂಜು, ಮೋಡದ ನೆರಳು, ಬೆಳಗಿನ ಬಿಸಿಲು. ಗಾಳ ಹಾಕಿದವನಿಗೆ ನೀರಿನ ಒಳಗು ಬೇಕು. ಮಡು ಎಲ್ಲಿದೆ, ಈ ಹೊತ್ತಿಗೆ ಮೀನು ತಳದಲ್ಲಿದೆಯೋ ಮೇಲೆ ಬಂದಿದೆಯೋ, ಎರೆಹುಳುವನ್ನು ಮುಟ್ಟೀತೋ ಇಲ್ಲವೋ? ಇದಾವುದೂ ಕಣ್ಣಿಗೆ ಕಾಣುವುದಿಲ್ಲ. ಬೆಂಡು ಅಲುಗುವುದರಿಂದ, ದಾರ ಬಿಗಿಯುವುದರಿಂದ ಊಹಿಸಬೇಕು. ಬಹಳ ಸಲ ಊಹೆ ತಪ್ಪುತ್ತದೆ.

ಈ ಊಹೆಯ ಗದ್ಯವನ್ನು ಕನ್ನಡದಲ್ಲಿ ಬೆಳೆಸಿದವರು ಪೂರ್ಣಚಂದ್ರ ತೇಜಸ್ವಿ (1938–2007). ಅವರಿಗೆ ಮೀನು ಹಿಡಿಯುವ ಹುಚ್ಚಿದ್ದದ್ದು ಎಲ್ಲರಿಗೂ ಗೊತ್ತು. ಆ ಹುಚ್ಚು ಅವರ ವಾಕ್ಯಗಳಿಗೆ ಏನು ಮಾಡಿತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಅವರಿಗೆ ಮುಂಚೆ ಎರಡು ದಾರಿಗಳಿದ್ದವು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಸಂಕಲನದಲ್ಲಿ ಬೇಟೆ, ನಗೆ, ಹರಟೆ ಎಲ್ಲವೂ ಇವೆ. ಆದರೆ ಕುವೆಂಪು ಶಿಖರವೇರಿ ನಿಂತಾಗ ಭಾಷೆ ಧ್ಯಾನದ ಕಡೆ ತಿರುಗುತ್ತದೆ. ಕಾರಂತರ ‘ಬೆಟ್ಟದ ಜೀವ’ದಲ್ಲಿ (1943) ಬೆಟ್ಟವೆಂದರೆ ದುಡಿಮೆ. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದವರು, ಅವರು ಬೆಟ್ಟವನ್ನು ಪ್ರೀತಿಸುವುದು ಅದರೊಂದಿಗೆ ಸೆಣಸಿಯೇ. ಒಬ್ಬರಿಗೆ ನಿಸರ್ಗ ದರ್ಶನ, ಇನ್ನೊಬ್ಬರಿಗೆ ಬದುಕು. ತೇಜಸ್ವಿಯವರಲ್ಲಿ ಮೂರನೆಯದೊಂದು ಸೇರಿತು: ಗೊತ್ತಿಲ್ಲದ್ದರ ಮುಂದೆ ಕಾಯುವ ಕುತೂಹಲ.

‘ಕರ್ವಾಲೊ’ (1980) ಮೀನಿನ ಕತೆಯಲ್ಲ. ಆದರೂ ಅದರ ಕಟ್ಟಡ ಗಾಳಗಾರರ ಕತೆಯದು ಎಂದು ನನಗೆ ಮತ್ತೆ ಮತ್ತೆ ಅನಿಸಿದೆ. ಒಂದು ತಂಡ ಕಾಡಿಗೆ ಹೊರಡುತ್ತದೆ, ಬಿಡಾರ ಹೂಡುತ್ತದೆ, ಅಡುಗೆ ಮಾಡಿಕೊಳ್ಳುತ್ತದೆ, ಜಗಳವಾಡುತ್ತದೆ, ಕಾಯುತ್ತದೆ. ಹುಡುಕುತ್ತಿರುವ ಹಾರುವ ಓತಿ ಕೊನೆಗೆ ಕಂಡರೂ ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ದಾರ ಹರಿದುಕೊಂಡು ಹೋದ ಮೀನಿನ ಕತೆಗಳೆಲ್ಲ ಹೀಗೇ ಮುಗಿಯುತ್ತವೆ. ತಪ್ಪಿಸಿಕೊಂಡದ್ದು ಯಾವಾಗಲೂ ಹಿಡಿದದ್ದಕ್ಕಿಂತ ದೊಡ್ಡದು. ಮೀನುಗಾರರ ಕಟ್ಟೆಯ ಈ ಬಡಾಯಿಯನ್ನು ತೇಜಸ್ವಿ ಜ್ಞಾನದ ಮಿತಿಯನ್ನು ಹೇಳುವ ರೂಪಕವಾಗಿಸಿದರು, ಹಾಗೆಂದು ಎಲ್ಲೂ ಘೋಷಿಸದೆ.

ಇದಕ್ಕೊಂದು ಆಕ್ಷೇಪವಿದೆ, ವಿದ್ಯಾರ್ಥಿಗಳು ಅದನ್ನು ಎತ್ತಬೇಕು. ಕಾಯಲು ಪುರಸೊತ್ತು ಬೇಕು. ಆ ಪುರಸೊತ್ತು ಯಾರದು? ಕಾದಂಬರಿಯಲ್ಲಿ ಅಡುಗೆ ಬಿರ್ಯಾನಿ ಕರಿಯಪ್ಪನದು. ಓತಿಯನ್ನು ಮೊದಲು ಕಂಡವನು ಮಂದಣ್ಣ, ಅವನಿಗೆ ಬೇಕಾದದ್ದು ಒಂದು ಸಣ್ಣ ನೌಕರಿ, ಒಂದು ಮದುವೆ. ತೇಜಸ್ವಿ ಇದನ್ನು ಬಚ್ಚಿಡುವುದಿಲ್ಲ. ಮಂದಣ್ಣನನ್ನು ಹುಟ್ಟಾ ನಿಸರ್ಗ ವಿಜ್ಞಾನಿಯೆಂದು ಗುರುತಿಸುವವರು ಕರ್ವಾಲೊ, ಊರಿಗೆ ಅವನು ಬರೇ ಬೆಪ್ಪ. ಆದರೂ ಕತೆ ಹೇಳುವ ಹಕ್ಕು ತೋಟವಿರುವ ನಿರೂಪಕನ ಹತ್ತಿರವೇ ಉಳಿಯುತ್ತದೆ. ಮಂದಣ್ಣನೇ ಬರೆದಿದ್ದರೆ ಆ ಕಾಡು ಹೇಗಿರುತ್ತಿತ್ತು ಎಂಬ ಪ್ರಶ್ನೆ ಕಾದಂಬರಿಯ ಹೊರಗೇ ನಿಂತಿದೆ.

ಇವತ್ತಿನ ಚಾರಣ ಬರಹಗಳನ್ನು ಇದರ ಪಕ್ಕ ಇಟ್ಟರೆ ಕೊರತೆ ಕಾಣುತ್ತದೆ. ಅವುಗಳಲ್ಲಿ ಎಷ್ಟು ಕಿಲೋಮೀಟರು, ಎಷ್ಟು ಗಂಟೆ, ಮೇಲಿಂದ ಕಂಡದ್ದೇನು ಎಂಬ ಲೆಕ್ಕವಿರುತ್ತದೆ. ಅರ್ಥವಾಗದೆ ಉಳಿದದ್ದೇನು ಎಂಬುದು ಇರುವುದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಡೆಯಬೇಕಾಯಿತು. ‘ಬೆಟ್ಟದ ಜೀವ’ದ ನಿರೂಪಕ ದಾರಿ ತಪ್ಪಿ ಗೋಪಾಲಯ್ಯನ ಮನೆ ಸೇರಿದ್ದು ಅದೇ ಸೀಮೆಯಲ್ಲಿ. ದಾರಿ ತಪ್ಪುವ ಅವಕಾಶವೇ ಇಲ್ಲದಲ್ಲಿ ಹೊಸ ಮನುಷ್ಯ ಸಿಗುವುದೂ ಕಷ್ಟ, ಹೊಸ ವಾಕ್ಯ ಸಿಗುವುದೂ ಕಷ್ಟ.

ಇದನ್ನೆಲ್ಲ ನಾನು ಗುಡಗೇರಿಯಲ್ಲಿ ಕೂತು ಬರೆಯುತ್ತಿರುವುದರಿಂದ ಒಂದು ಮಾತು ಸೇರಿಸಬೇಕು. ಇಲ್ಲಿ ಬೆಟ್ಟವಿಲ್ಲ. ಎರಿ ಹೊಲ, ಹತ್ತಿ, ಮೆಣಸಿನಕಾಯಿ, ಕಡಲೆ. ಮಳೆಯ ದಾರಿ ಕಾಯುವ ಕುಂದಗೋಳ ಸೀಮೆ. ನಮ್ಮ ಕಡೆಯ ಕೆರೆ ಅಂದರೆ ಹಿಂದಿನವರು ಒಡ್ಡು ಹಾಕಿ ನಿಲ್ಲಿಸಿದ ನೀರು. ಕುಡಿಯುವ ನೀರಿನ ಕೆರೆಯಾದರೆ ಕಾಲಿಡುವಂತಿಲ್ಲ, ಉಳಿದವುಗಳಲ್ಲಿ ಹರಾಜು ಹಿಡಿದವರು ಕಾಟ್ಲಾ, ರೋಹು ಮರಿ ಬಿಟ್ಟಿರುತ್ತಾರೆ. ಹಾಗಾಗಿ ತೇಜಸ್ವಿಯವರನ್ನು ಓದಿದ ನಮ್ಮ ಹುಡುಗರು ನಿಸರ್ಗವೆಂದರೆ ಮೂಡಿಗೆರೆ ಎಂದು ತಿಳಿದು ಬ್ಯಾಗು ಹೆಗಲಿಗೇರಿಸುತ್ತಾರೆ. ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ‘ಪರಿಸರದ ಕತೆ’ (1991) ಬರೆದವರು ದೂರದ ಸರೋವರ ಹುಡುಕಿದವರಲ್ಲ. ತಮ್ಮ ತೋಟ, ತಮ್ಮ ನಾಯಿ, ನೆರೆಯ ಮಾರ, ಪ್ಯಾರರ ಸುತ್ತಲೇ ಆ ಪುಸ್ತಕ ಬೆಳೆದಿದೆ. ಅವರನ್ನು ಸರಿಯಾಗಿ ಓದಿದವನಿಗೆ ತನ್ನೂರ ಕೆರೆಯಲ್ಲಿ ಹೂಳು ಎಷ್ಟಿದೆ, ಬೇಸಿಗೆಯಲ್ಲಿ ಮೊದಲು ಬತ್ತುವ ಮೂಲೆ ಯಾವುದು, ಚಳಿಗಾಲಕ್ಕೆ ಬರುವ ಹಕ್ಕಿಗಳು ಏನು ತಿನ್ನುತ್ತವೆ ಎಂದು ಕೇಳಬೇಕೆನಿಸುತ್ತದೆ. ಆ ಕೆರೆಗಳ ಬಗ್ಗೆ, ಅಷ್ಟೇ ತಾಳ್ಮೆಯಿಂದ, ನಮ್ಮ ಧಾರವಾಡದ ಮಾತಿನಲ್ಲಿ ಬರೆದ ಗದ್ಯಕ್ಕಾಗಿ ನಾನು ಕಾಯುತ್ತಿದ್ದೇನೆ.