ಮೌಲ್ಯವೋ ದರವೋ: ಕ್ಯಾಲಿಫೋರ್ನಿಯದ ತೆರಿಗೆ ಬಂಡಾಯವನ್ನು ಕುರಿತ ಒಂದು ಗ್ರಂಥ

ಐಸಾಕ್ ವಿಲಿಯಂ ಮಾರ್ಟಿನ್ ಅವರ ‘ದಿ ಪರ್ಮನೆಂಟ್ ಟ್ಯಾಕ್ಸ್ ರಿವೋಲ್ಟ್’ (2008) ಅಮೆರಿಕದ ಆಸ್ತಿತೆರಿಗೆಯನ್ನು ಕುರಿತ ಗಣ್ಯವಾದ ಇತಿಹಾಸಗ್ರಂಥ. 1978ರ ಜೂನ್ 6ರಂದು ಕ್ಯಾಲಿಫೋರ್ನಿಯದ ಮತದಾರರು 13ನೆಯ ಪ್ರಸ್ತಾವವನ್ನು ಅಂಗೀಕರಿಸಿ, ಈ ತೆರಿಗೆಯನ್ನು ಆಸ್ತಿಯ ಬೆಲೆಯ ನೂರಕ್ಕೆ 1ಕ್ಕೆ ಮಿತಿಗೊಳಿಸಿದರು. ಇದು ಸರ್ಕಾರದ್ವೇಷದ ಫಲವೆಂಬುದು ವಾಡಿಕೆಯ ಮಾತು. ಮಾರ್ಟಿನ್ ಅವರು ಇದನ್ನೊಪ್ಪುವುದಿಲ್ಲ. ಹಿಂದೆ ಕೌಂಟಿಯ ಮೌಲ್ಯನಿರ್ಣಾಯಕರು ಮನೆಗಳ ಬೆಲೆಯನ್ನು ರೂಢಿಯಂತೆ ಕಡಮೆಯಾಗಿ ಬರೆದುಕೊಳ್ಳುತ್ತಿದ್ದರು. ಎಲ್ಲ ಆಸ್ತಿಯನ್ನೂ ಮಾರುಕಟ್ಟೆಯ ಬೆಲೆಯ ನೂರಕ್ಕೆ 25ರಂತೆ ಸಮನಾಗಿ ನಿರ್ಣಯಿಸಬೇಕೆಂದು 1966ರ ಕಾನೂನು ವಿಧಿಸಿದಾಗ ಆ ಗುಪ್ತ ರಕ್ಷಣೆ ಕಳಚಿತು; ಜನರು ಬೇಡಿದ್ದು ಆ ರಕ್ಷಣೆಯನ್ನೇ ಎಂಬುದು ಅವರ ವಾದ. (ಲಂಚದ ಹಗರಣದಿಂದ ಹುಟ್ಟಿದ ಸುಧಾರಣೆ ಸಾಮಾನ್ಯ ಗೃಹಸ್ಥನನ್ನು ತಟ್ಟಿದುದು ವಿಚಿತ್ರವೇ ಸರಿ.)

ವಾದ ಬಲವಾದುದು, ಆದರೆ ಗ್ರಂಥದ ಒತ್ತೆಲ್ಲ ಮೌಲ್ಯದ ಮೇಲಿದೆ. ತೆರಿಗೆಯ ಇನ್ನೊಂದು ಅಂಗವಾದ ದರಕ್ಕೆ ಅಷ್ಟು ಸ್ಥಾನವಿಲ್ಲ. ಕೌಂಟಿಯು ನಮ್ಮ ಜಿಲ್ಲೆಯನ್ನು ಹೋಲುವ ವಿಭಾಗ. ಅದರ ಆಯವ್ಯಯವನ್ನು ನಿರ್ಣಯಿಸುವುದು ಚುನಾಯಿತ ಮಂಡಲಿ. 1978ಕ್ಕೆ ಮೊದಲು ಮಂಡಲಿಯು ವರ್ಷದ ವೆಚ್ಚದಿಂದ ಇತರ ವರಮಾನವನ್ನು ಕಳೆದು, ಉಳಿದುದನ್ನು ಒಟ್ಟು ಮೌಲ್ಯದಿಂದ ಭಾಗಿಸಿ ದರವನ್ನು ಪಡೆಯುತ್ತಿತ್ತು. ಬೇಕಾದುದು 60 ಲಕ್ಷ ಡಾಲರು, ಮೌಲ್ಯ 20 ಕೋಟಿಯಾದರೆ ದರ ನೂರಕ್ಕೆ 3. ಮೌಲ್ಯ 24 ಕೋಟಿಗೆ ಏರಿದರೆ ಎರಡೂವರೆಯೇ ಸಾಕು. ಮನೆಗಳ ಬೆಲೆ ಏರಿದ ವರ್ಷಗಳಲ್ಲಿ ದರವು ಆ ಪ್ರಮಾಣಕ್ಕೆ ಇಳಿಯಲಿಲ್ಲ. ಇದು ನಿರ್ಣಾಯಕರ ಕೆಲಸವಲ್ಲ, ಮಂಡಲಿಗಳ ತೀರ್ಮಾನ. ಬಂಡಾಯದ ಹೊಣೆಯನ್ನು ಸುಧಾರಣೆಯ ತಲೆಗೆ ಕಟ್ಟುವಾಗ ಇದನ್ನು ಮರೆಯಲಾಗದು.

ವ್ಯಾಪಾರದ ಆಸ್ತಿಗಿಂತ ಮನೆಗಳ ಬೆಲೆ ಬೇಗ ಏರುತ್ತಿದ್ದುದರಿಂದ, ದರ ತಗ್ಗಿದ್ದರೂ ಹೊರೆ ಮನೆಗಳತ್ತಲೇ ವಾಲುತ್ತಿತ್ತು ಎಂದು ಲೇಖಕರ ಪರವಾಗಿ ಹೇಳಬಹುದು. ನಿಜ. ಆದರೆ ವಾಸದ ಮನೆಗೆ ಕಡಮೆ ದರವನ್ನು ಅನುಮತಿಸುವ 8ನೆಯ ಪ್ರಸ್ತಾವವೂ ಅದೇ ದಿನ ಮತಕ್ಕೆ ಬಂದು ಸೋತಿತು. ಮನೆಗಷ್ಟೇ ರಕ್ಷಣೆ ಎದುರಿಗಿದ್ದರೂ ಮತದಾರರು ಎಲ್ಲ ಆಸ್ತಿಗೂ ಅನ್ವಯಿಸುವ ಮಿತಿಯನ್ನೇ ಆರಿಸಿದರು. ಮಂಡಲಿಗಳ ಮೇಲಣ ಅವಿಶ್ವಾಸವನ್ನು ಗಣಿಸದೆ ಇದನ್ನು ವಿವರಿಸುವುದು ಕಷ್ಟ.

ಪರಿಣಾಮವಾಗಿ ಲೆಕ್ಕದ ದಿಕ್ಕೇ ತಿರುಗಿತು: ವೆಚ್ಚದಿಂದ ದರವನ್ನು ಕಾಣುತ್ತಿದ್ದ ಮಂಡಲಿ, ಸ್ಥಿರ ದರದಿಂದ ಬಂದಷ್ಟಕ್ಕೆ ವೆಚ್ಚವನ್ನು ಹೊಂದಿಸಬೇಕಾಯಿತು. ಆಸ್ತಿತೆರಿಗೆಯ ಆಧಾರದ ಹೊಸ ಸಾಲಪತ್ರಗಳಿಗೆ 1986ರವರೆಗೂ ದಾರಿಯಿರಲಿಲ್ಲ. ಆ ವರ್ಷದ 46ನೆಯ ಪ್ರಸ್ತಾವವು ಮೂರರಲ್ಲೆರಡು ಭಾಗದ ಮತದ ಷರತ್ತಿನೊಡನೆ ಅದನ್ನು ತೆರೆಯಿತು. ಅಷ್ಟರಲ್ಲಿ, 1982ರ ಮೆಲ್ಲೊ-ರೂಸ್ ಕಾನೂನಿನಂತೆ, ಹೊಸ ಬಡಾವಣೆಗಳ ರಸ್ತೆ, ಶಾಲೆಗಳ ವೆಚ್ಚವನ್ನು ಅಲ್ಲಿಗೇ ಸೀಮಿತವಾದ ವಿಶೇಷ ತೆರಿಗೆಯ ಮೂಲಕ ಹೊಸದಾಗಿ ಬಂದವರ ಮೇಲೆ ಹೊರಿಸುವ ಪದ್ಧತಿ ಬೇರೂರಿತ್ತು.